ಇಳಿಯಬೇಕಾದಲ್ಲಿ ಹತ್ತಿದ ಲೆಕ್ಕ

ಮೊನ್ನೆ ಸಂಜೆ ಚಪ್ಪಲಿ ಹೊಲಿಸಿಕೊಂಡು ದೇವರಾಜ ಮೊಹಲ್ಲಾದಲ್ಲಿ ನಡೆದು ಬರುತ್ತಿದ್ದೆ. ಯಾವುದೋ ಅಂಗಡಿಯಿಂದ ಬಿಸಿ ಮರಳಿನಲ್ಲಿ ಕಡಲೆ ಹುರಿಯುವ ವಾಸನೆ ಬಂತು. ಆ ವಾಸನೆಗೆ ನಿಮಗೆ ಹಸಿವಾಗಬಹುದು. ನನಗೆ ಮಾತ್ರ ಕಿವಿ ಬಿಸಿಯಾಗುತ್ತದೆ. ಐದು ವರ್ಷದ ಹಿಂದೆ ಇಂಥದೇ ಒಂದು ಅಂಗಡಿಯ ಮುಂದೆ, ಐವತ್ತೆರಡು ವರ್ಷದ ಗಣಿತದ ಮೇಷ್ಟ್ರಾದ ನಾನು, ನನ್ನ ವಿದ್ಯಾರ್ಥಿನಿಯೊಬ್ಬಳ ಎದುರು ತಲೆ ತಗ್ಗಿಸಿ ನಿಂತಿದ್ದೆ. ಇಷ್ಟು ಹೇಳಿದ ಮೇಲೆ ಉಳಿದದ್ದನ್ನು ಬಚ್ಚಿಟ್ಟುಕೊಳ್ಳುವುದು ಸರಿಯಲ್ಲ, ಕೇಳಿ.

ನಾನು ಪದವಿ ತರಗತಿಗಳಿಗೆ ಪಾಠ ಹೇಳಲು ಶುರುಮಾಡಿದ ವರ್ಷ ಬರೆದಿಟ್ಟುಕೊಂಡ ನೋಟ್ಸು ಅದೆಷ್ಟೋ ಕಾಲ ನನ್ನನ್ನು ಸಾಕಿತು. ಹಾಳೆಗಳು ಹಳದಿಯಾದವು, ಅಂಚು ಮುರಿದವು, ಆದರೆ ನಾನು ಬದಲಾಯಿಸಲಿಲ್ಲ. ಅದರ ಮೂವತ್ತನೇ ಪುಟದಲ್ಲಿ ಒಂದು ಜೋಕು ಬೇರೆ ಇತ್ತು. ಮೊದಮೊದಲು ಹುಡುಗರು ನಗುತ್ತಿದ್ದರು, ಆಮೇಲೆ ನಾನೊಬ್ಬನೇ ನಗುತ್ತಿದ್ದೆ. "ಆ ನೋಟ್ಸಿಗೆ ಪೆನ್ಷನ್ ಕೊಡ್ಸಿಬಿಡಿ ಕಣ್ರೀ, ಪಾಪ," ಎಂದು ನನ್ನ ಹೆಂಡತಿ ಅನ್ನುತ್ತಿದ್ದಳು. ಅವಳ ಮಾತನ್ನು ನಾನು ಆಗ ಕಿವಿಗೆ ಹಾಕಿಕೊಂಡಿದ್ದರೆ ಈ ಪ್ರಬಂಧ ಇರುತ್ತಿರಲಿಲ್ಲ.

ಅಷ್ಟರಲ್ಲಿ ಹೊಸ ಪಠ್ಯಕ್ರಮ ಬಂತು. ಎರಡನೇ ವರ್ಷದವರಿಗೆ ಕೃತಕ ಬುದ್ಧಿಮತ್ತೆಗೆ ಬೇಕಾದ ಗಣಿತ ಎಂಬ ಹೊಸ ಪೇಪರು. ವಿಭಾಗದಲ್ಲಿ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದರು. ಹಿರಿಯ ಎಂಬ ಜಂಬಕ್ಕೆ ನಾನು, "ಅದರಲ್ಲೇನಿದೆ, ಹಳೇ ಗಣಿತಕ್ಕೆ ಹೊಸ ಅಂಗಿ," ಎಂದು ಒಪ್ಪಿಕೊಂಡೆ. ನಿಜ ಹೇಳಬೇಕೆಂದರೆ ಅದರ ಅರ್ಧ ನನಗೇ ಗೊತ್ತಿರಲಿಲ್ಲ. ನನ್ನ ಮಗನ ವಯಸ್ಸಿನವರು ಮಾಡಿದ ವಿಡಿಯೋಗಳನ್ನು ನೋಡಿ ಇವತ್ತು ಕಲಿತದ್ದನ್ನು ನಾಳೆ ಕಲಿಸುತ್ತಿದ್ದೆ. ತರಗತಿಯಲ್ಲಿ ಮಾತ್ರ ತೊಟ್ಟಿಲಲ್ಲೇ ಕಲಿತವನ ಹಾಗೆ ನಿಲ್ಲುತ್ತಿದ್ದೆ.

ಯಂತ್ರ ಕಲಿಯುತ್ತದೆ ಎನ್ನುತ್ತಾರಲ್ಲ, ಅದರ ಗುಟ್ಟು ದೊಡ್ಡದೇನಲ್ಲ. ತಾನು ಎಷ್ಟು ತಪ್ಪಿದ್ದೇನೆ ಎಂದು ಲೆಕ್ಕ ಹಾಕಿಕೊಳ್ಳುತ್ತದೆ, ಆ ತಪ್ಪನ್ನು ಸ್ವಲ್ಪ ಸ್ವಲ್ಪವೇ ಇಳಿಸಿಕೊಳ್ಳುತ್ತದೆ. ಇದನ್ನು ನಾನು ಹುಡುಗರನ್ನು ಮನಸ್ಸಿನಲ್ಲೇ ಚಾಮುಂಡಿ ಬೆಟ್ಟದ ಮೇಲೆ ನಿಲ್ಲಿಸಿ ಹೇಳುತ್ತಿದ್ದೆ. ದಟ್ಟ ಮಂಜು, ಏನೂ ಕಾಣದು, ಕಾಲಡಿಯ ಇಳಿಜಾರು ಮಾತ್ರ ತಿಳಿಯುತ್ತದೆ. ಎತ್ತ ಏರು ಇದೆಯೋ ಅದರ ವಿರುದ್ಧ ದಿಕ್ಕಿಗೆ ಒಂದು ಸಣ್ಣ ಹೆಜ್ಜೆ, ಮತ್ತೊಂದು ಸಣ್ಣ ಹೆಜ್ಜೆ. ಹಾಗೇ ಊರಿಗೆ ಇಳಿದುಬಿಡಬಹುದು. ಸೂತ್ರದಲ್ಲಿ ಹೇಳುವುದಾದರೆ, ಈಗಿರುವ ಬೆಲೆಯಿಂದ ಇಳಿಜಾರಿನ ಒಂದು ಪಾಲನ್ನು ಕಳೆಯಬೇಕು. ನಾನು ಬಾಯಲ್ಲಿ ಇಳಿಯಿರಿ ಎಂದೆ, ಬೋರ್ಡಿನ ಮೇಲೆ ಕೂಡಿ ಎಂದು ಬರೆದೆ. ಗರಿಷ್ಠ ಬೆಲೆ ಹುಡುಕುವ ಯಾವುದೋ ಹಳೆಯ ಪಾಠದಿಂದ ಸೂತ್ರವನ್ನು ಹಾಗೇ ಎತ್ತಿಕೊಂಡಿದ್ದೆ. ಅಂಕಿ ಹಾಕಿ ಒಂದು ಉದಾಹರಣೆ ಮಾಡಿದ್ದರೆ ಅಲ್ಲೇ ಸಿಕ್ಕಿಬೀಳುತ್ತಿದ್ದೆ. ಆ ಸಹನೆ ನನಗಿರಲಿಲ್ಲ, ಅದೆಲ್ಲ ಕಂಪ್ಯೂಟರ್ ಲ್ಯಾಬಿನವರು ಮಾಡಿಸುತ್ತಾರೆ ಎಂದು ಬಿಟ್ಟಿದ್ದೆ.

ನಮ್ಮಲ್ಲಿ ಮೇಷ್ಟ್ರ ನೋಟ್ಸು ಎಂದರೆ ಏನೆಂದು ಹೊರಗಿನವರಿಗೆ ಗೊತ್ತಾಗುವುದಿಲ್ಲ. ಕಾಲೇಜಿನ ಗೇಟಿನೆದುರು ಜೆರಾಕ್ಸ್ ಅಂಗಡಿಯಲ್ಲಿ ಅದು ಸ್ಪೈರಲ್ ಬೈಂಡಾಗಿ ಕೂತಿರುತ್ತದೆ. ಪಠ್ಯಪುಸ್ತಕ ಒಂದು ಹೇಳಿ ನೋಟ್ಸು ಇನ್ನೊಂದು ಹೇಳಿದರೆ ನೋಟ್ಸೇ ಗೆಲ್ಲುವುದು, ಏಕೆಂದರೆ ಪೇಪರು ತಿದ್ದುವವರು ಅದನ್ನು ಬರೆದವರೇ.

ಕಿರುಪರೀಕ್ಷೆಯಲ್ಲಿ ಸುಲಭದ ಲೆಕ್ಕವೊಂದು ಕೊಟ್ಟೆ. ಮೂರರಿಂದ ಹೊರಟು, x ವರ್ಗದ ಕನಿಷ್ಠದ ಕಡೆಗೆ, ಇಳಿಜಾರಿನ ಹತ್ತನೇ ಒಂದು ಪಾಲಿನಷ್ಟು, ಒಂದು ಹೆಜ್ಜೆ ಇಡಿ. ಅಲ್ಲಿ ಇಳಿಜಾರು ಆರು, ಅದರ ಹತ್ತನೇ ಒಂದು ಪಾಲು 0.6, ಕೂಡುವ ನನ್ನ ಸೂತ್ರದ ಪ್ರಕಾರ ಉತ್ತರ 3.6. ತರಗತಿಗೆ ತರಗತಿಯೇ 3.6 ಎಂದು ಬರೆದಿತ್ತು, ಒಬ್ಬಳನ್ನು ಬಿಟ್ಟು. ಸಿಂಧು ಎಂಬ ಹುಡುಗಿ, ಕೆಸರೆಯಿಂದ ಬರುತ್ತಿದ್ದವಳು, ಎರಡನೇ ಸಾಲಿನಲ್ಲಿ ಕಿಟಕಿಯ ಪಕ್ಕ ಕೂರುತ್ತಿದ್ದವಳು, 2.4 ಎಂದು ಬರೆದಿದ್ದಳು. ನಾನು ಕೆಂಪು ಶಾಯಿಯಲ್ಲಿ ಅಡ್ಡಗೆರೆ ಎಳೆದು, 'ಇಷ್ಟೂ ಗೊತ್ತಾಗುವುದಿಲ್ಲವೇ?' ಎಂದು ಬರೆದೆ. ಅಷ್ಟಕ್ಕೇ ಬಿಡದೆ ಪೇಪರು ಹಂಚುವಾಗ ಎಲ್ಲರೆದುರು ಅದನ್ನು ಗಟ್ಟಿಯಾಗಿ ಓದಿದೆ. ಹುಡುಗರು ನಕ್ಕರು. ಅವಳು ಪೇಪರು ಮಡಿಸಿಟ್ಟುಕೊಂಡಳು.

ವಾರ ಕಳೆದ ಮೇಲೆ ನನ್ನ ಮೇಜಿಗೆ ಒಂದು ಅರ್ಜಿ ಬಂತು. ಸಿಂಧು ಮೂರನೇ ವರ್ಷಕ್ಕೆ ಗಣಿತ ಬಿಟ್ಟು ಬೇರೆ ವಿಷಯ ತೆಗೆದುಕೊಳ್ಳುತ್ತಾಳಂತೆ. ಇಂಥ ಅರ್ಜಿ ಎಷ್ಟು ನೋಡಿಲ್ಲ! ಕಾಫಿ ಕುಡಿಯುತ್ತಾ ಸಹಿ ಹಾಕಿ ಆಫೀಸಿಗೆ ಕಳಿಸಿದೆ.

ಅವತ್ತೇ ಮಧ್ಯಾಹ್ನ ಲ್ಯಾಬಿನ ಕಡೆ ಹೋಗಿದ್ದೆ. ಹಿಂದಿನ ಬೆಂಚಿನ ಹುಡುಗನೊಬ್ಬ ಅದೇ ಲೆಕ್ಕವನ್ನು ಕಂಪ್ಯೂಟರಿನಲ್ಲಿ ಓಡಿಸುತ್ತಿದ್ದ. ಪರದೆಯ ಮೇಲೆ 2.4 ಕಂಡಿತು.

"ಏನಯ್ಯಾ, ಇಲ್ಲಿ ಮೈನಸ್ ಹಾಕಿದ್ದೀಯ?"

"ಹೂಂ ಸಾರ್. ಪ್ಲಸ್ ಹಾಕುದ್ರೆ ತಪ್ಪು ಜಾಸ್ತಿ ಆಗ್ತಾ ಹೋಯ್ತದೆ. ಎಲ್ರೂ ಮೈನಸ್ಸೇ ಹಾಕೋದು."

"ಮತ್ತೆ ಟೆಸ್ಟಲ್ಲಿ ಪ್ಲಸ್ ಬರೆದಿದ್ರಲ್ಲೋ?"

ಅವನು ಬಹಳ ಮರ್ಯಾದೆಯಿಂದ ಎದ್ದು ನಿಂತು ಹೇಳಿದ, "ಇದು ಕಂಪ್ಯೂಟರ್‌ಗೆ ಸಾರ್. ಅದು ನಿಮ್ಗೆ."

ನಿಂತಲ್ಲೇ ಮನಸ್ಸಿನಲ್ಲಿ ಲೆಕ್ಕ ಮಾಡಿದೆ. ಮೂರರ ವರ್ಗ ಒಂಬತ್ತು. 3.6ರ ವರ್ಗ ಹನ್ನೆರಡನ್ನೂ ದಾಟುತ್ತದೆ. ಇಳಿಯಬೇಕಾದವನು ಹತ್ತಿದ್ದೆ, ಇಡೀ ತರಗತಿಯನ್ನು ಹಿಂದೆ ಕಟ್ಟಿಕೊಂಡು ಹತ್ತಿದ್ದೆ. ಅಷ್ಟು ಜನರಲ್ಲಿ ಸರಿಯಾಗಿ ಇಳಿದವಳು ಒಬ್ಬಳೇ, ಅವಳನ್ನು ನಾನೇ ಗಣಿತದಿಂದ ಹೊರಗೆ ಕಳಿಸಿ ಸಹಿಯನ್ನೂ ಹಾಕಿದ್ದೆ.

ಆಫೀಸಿಗೆ ಓಡಿದೆ. ಅರ್ಜಿ ವಾಪಸು ಪಡೆಯಲು ನಾಳೆಯೇ ಕೊನೆಯ ದಿನ, ಅದನ್ನು ಹುಡುಗಿಯೇ ಬಂದು ಬರೆದುಕೊಡಬೇಕು ಎಂದರು. ಅವಳು ಕಾಲೇಜಿಗೆ ಬಂದು ಮೂರು ದಿನವಾಗಿತ್ತು. ಅವಳ ಅಪ್ಪನದು ಮಾರ್ಕೆಟ್ಟಿನ ಹತ್ತಿರ ಕಡಲೆಪುರಿ ಅಂಗಡಿ ಎಂದು ಯಾರೋ ಹೇಳಿದರು. ಆಟೋ ಹತ್ತಿದೆ. ದಾರಿಯುದ್ದಕ್ಕೂ ಏನು ಹೇಳಬೇಕೆಂದು ಯೋಚಿಸಿದೆ. ತಪ್ಪು ಒಪ್ಪಿಕೊಳ್ಳದೆಯೇ ಅವಳನ್ನು ವಾಪಸು ಕರೆತರುವ ಉಪಾಯವನ್ನೂ ಯೋಚಿಸಿದೆ ಎಂದು ನಿಮ್ಮಲ್ಲಿ ಒಪ್ಪಿಕೊಳ್ಳುತ್ತೇನೆ.

ಅಪ್ಪ ಬಾಣಲೆಯ ಮುಂದೆ ನಿಂತಿದ್ದರು, ಅವಳು ಪುರಿಯನ್ನು ಅಳೆದು ಪೊಟ್ಟಣ ಕಟ್ಟುತ್ತಿದ್ದಳು. ನನ್ನನ್ನು ಕಂಡು ಅಪ್ಪ ಕೈ ಒರೆಸಿಕೊಂಡು ಓಡಿಬಂದರು.

"ಏನ್ ಸಾರ್, ಇಲ್ಲೀಗಂಟ ಬಂದ್ಬುಟ್ರಿ! ನಮ್ ಹುಡ್ಗಿ ಏನಾದ್ರೂ ಎಡವಟ್ ಮಾಡ್ಬುಟ್ಳಾ?"

"ಇಲ್ಲಪ್ಪ. ಎಡವಟ್ಟು ಮಾಡಿದ್ದು ನಾನು. ಇವಳ ಲೆಕ್ಕ ಸರಿಯಾಗಿತ್ತು, ನನ್ನದೇ ತಪ್ಪು."

"ಅಯ್ಯೋ ಬುಡಿ ಸಾರ್, ಮೇಷ್ಟ್ರು ಎಲ್ಲಾದ್ರೂ ತಪ್ ಮಾಡ್ತಾರಾ?"

"ಸುಮ್ನಿರಪ್ಪ, ಅವರೇ ಹೇಳ್ತಾವ್ರಲ್ಲ," ಎಂದಳು ಸಿಂಧು. ಆಮೇಲೆ ನನ್ನ ಕಡೆ ತಿರುಗಿ, ಕೈಯಲ್ಲಿದ್ದ ದಾರವನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ, "ನೀವು ಹೇಳಿದ ಬೆಟ್ಟ ನೆನೆಸ್ಕೊಂಡು ನಾನು ಎರಡು ಸಲ ಮಾಡ್ದೆ ಸಾರ್. ಎರಡು ಸಲನೂ 2.4 ಬಂತು. ನೀವು ಹಂಗೆ ಓದಿ ಹೇಳಿದ ಮೇಲೆ ಮನೇಲಿ ಇನ್ನೂ ಹತ್ತು ಸಲ ಮಾಡ್ದೆ. ಅದೇ ಬಂತು. ಆಗ ಅನ್ನಿಸ್ತು, ತಪ್ಪು ಎಲ್ಲಿದೆ ಅಂತಾನೇ ಗೊತ್ತಾಗ್ತಿಲ್ಲ ಅಂದ್ರೆ ಗಣಿತ ನನ್ನ ತಲೆಗಲ್ಲ ಅಂತ," ಎಂದಳು.

ಸರಿಯಾದ ಲೆಕ್ಕವನ್ನು ಹನ್ನೆರಡು ಸಲ ಮಾಡಿ ತನ್ನ ತಲೆಯನ್ನೇ ಅನುಮಾನಿಸಿದ ಹುಡುಗಿ. ನನಗೆ ಕಣ್ಣು ತುಂಬಿತು. ಮಾರ್ಕ್ಸು ಇವತ್ತೇ ಸರಿಮಾಡುತ್ತೇನೆ, ನಾಳೆ ಬಂದು ಅರ್ಜಿ ವಾಪಸು ತೆಗೆದುಕೋ ಎಂದೆ.

"ಮಾರ್ಕ್ಸ್ ಇರಲಿ ಸಾರ್. ಇದನ್ನ ಕ್ಲಾಸಲ್ಲಿ ಹೇಳ್ತೀರಾ?"

ಕೇಳಿದ್ದು ಇಷ್ಟೇ. ಹೇಳುತ್ತೇನೆ ಎನ್ನಲು ನನಗೆ ಎಷ್ಟು ಹೊತ್ತು ಹಿಡಿಯಿತೆಂದರೆ, ಅಷ್ಟರಲ್ಲಿ ಅವಳ ಅಪ್ಪ ಬಾಣಲೆಗೆ ಇನ್ನೊಂದು ಸುತ್ತು ಕಡಲೆ ಸುರಿದಿದ್ದರು.

ಮರುದಿನ ಬೋರ್ಡಿನ ಮೇಲೆ ನನ್ನ ಸೂತ್ರ ಬರೆದು, ಅಂಕಿ ಹಾಕಿ, ಹೆಜ್ಜೆಹೆಜ್ಜೆಗೂ ನಾನು ಬೆಟ್ಟ ಹತ್ತಿದ್ದನ್ನು ತೋರಿಸಿದೆ. ಸಿಂಧುವಿನ ಉತ್ತರವೇ ಸರಿ, ಅವಳ ಪೇಪರಿನ ಮೇಲೆ ಬರೆದದ್ದು ನನಗೆ ನಾನೇ ಬರೆದುಕೊಳ್ಳಬೇಕಾಗಿತ್ತು ಎಂದೆ. ಯಾರೂ ನಗಲಿಲ್ಲ. ಕಿಟಕಿಯ ಪಕ್ಕ ಅವಳು ತನ್ನ ಪಾಡಿಗೆ ತಾನು ಬರೆದುಕೊಳ್ಳುತ್ತಿದ್ದಳು. ತರಗತಿ ಮುಗಿದ ಮೇಲೆ ನೆಟ್ಟಗೆ ಆಫೀಸಿಗೆ ಹೋಗಿ ಅರ್ಜಿ ವಾಪಸು ಪಡೆದಳು. ಮುಂದೆ ಗಣಿತದಲ್ಲೇ ಎಂ.ಎಸ್ಸಿ ಮಾಡಿ, ಈಗ ಸಂಶೋಧನೆಗೆ ಸೇರಿದ್ದಾಳೆ. ಅವಳು ಗಣಿತ ಕಲಿತದ್ದರಲ್ಲಿ ನನ್ನ ಪಾಲು ಅಷ್ಟಕ್ಕಷ್ಟೆ. ನಾನು ಮೇಷ್ಟ್ರಾಗುವುದನ್ನು ಕಲಿತದ್ದರಲ್ಲಿ ಅವಳ ಪಾಲು ದೊಡ್ಡದು. ಇದನ್ನು ಅವಳಿಗೆ ಎದುರೆದುರು ಹೇಳಲು ಬಾಯಿ ಬಂದಿಲ್ಲ, ಇಲ್ಲಿ ಹೇಳುತ್ತಿದ್ದೇನೆ.

ಈ ಸೋಮವಾರ ಹೊಸ ತಂಡಕ್ಕೆ ಪಾಠ ಮಾಡುತ್ತಿದ್ದೆ. ನಡುವೆ ಒಬ್ಬ ಹುಡುಗ ಎದ್ದು, "ಸಾರ್, ಮೂರನೇ ಸಾಲು ತಪ್ಪಾಗೈತೆ," ಎಂದ. ನಾನು ಆ ಸಾಲನ್ನು ಎರಡು ಸಲ ನೋಡಿದೆ. ಸರಿಯಾಗಿಯೇ ಇತ್ತು, ತಪ್ಪಿದ್ದವನು ಅವನು. ಹಿಂದಿನ ನಾನಾಗಿದ್ದರೆ ಒಂದು ಮಾತಿನಲ್ಲಿ ಕೂರಿಸುತ್ತಿದ್ದೆ. ಸೀಮೆಸುಣ್ಣವನ್ನು ಅವನ ಕೈಗೆ ಕೊಟ್ಟೆ. ಅವನು ಮೊದಲಿನಿಂದ ಮಾಡುತ್ತಾ ಬಂದು, ಮೂರನೇ ಸಾಲಿನಲ್ಲಿ ತಾನೇ ನಿಂತು, ನಾಲಗೆ ಕಚ್ಚಿಕೊಂಡ.

"ನಾಳೇನೂ ಹೀಗೇ ನೋಡ್ತಿರಪ್ಪ," ಎಂದೆ. "ನಾಳೆ ನನ್ನದೇ ತಪ್ಪಿರಬಹುದು."

ಅವನು ಸೀಮೆಸುಣ್ಣ ವಾಪಸು ಕೊಡುತ್ತಾ, ಸ್ವಲ್ಪವೂ ಸಂಕೋಚವಿಲ್ಲದೆ, "ಆಯ್ತು ಸಾರ್, ನೋಡ್ತಿರ್ತೀನಿ," ಎಂದ.