ತಂಗಿಯ ದನಿ ಇದ್ದ ಫೋಲ್ಡರ್

ಗಂಟಲಿನ ಆಪರೇಷನ್‌ಗೆ ಮುಂಚೆ, ಗುಬ್ಬಿಯಲ್ಲಿರುವ ನನ್ನ ತಂಗಿ ತನ್ನ ದನಿಯನ್ನು ರೆಕಾರ್ಡ್ ಮಾಡಿಟ್ಟಿದ್ದಳು. ಕಾನ್ವೆಂಟಿನ ಕ್ವಾಯರ್‌ನಲ್ಲಿ ನನ್ನ ಪಕ್ಕ ನಿಂತು ಹಾಡಿದ ಸ್ವೀಟ್ ದನಿ ಅದು. ಆಪರೇಷನ್‌ನಲ್ಲಿ ದನಿ ಹೋದ ಮೇಲೆ ಅವಳು ಟೈಪ್ ಮಾಡಿದ್ದನ್ನು ಲ್ಯಾಪ್‌ಟಾಪ್ ಅದೇ ದನಿಯಲ್ಲಿ ಹೇಳುತ್ತಿತ್ತು.

ಆ ಸಾಫ್ಟ್‌ವೇರ್ ಹಳೆಯದಾಯಿತೆಂದು ಅವಳ ಮಗಳು ಹೊಸದನ್ನು ಇಂಟರ್ನೆಟ್ಟಿನಲ್ಲಿ ಸಿಕ್ಕ ಸೋರ್ಸ್ ಕೋಡ್‌ನಿಂದ ತಾನೇ ಬಿಲ್ಡ್ ಮಾಡಿದಳು. "ಅಮ್ಮ, ಇದನ್ನ ಬೇರೆ ಫೋಲ್ಡರ್‌ಗೆ ಇನ್‌ಸ್ಟಾಲ್ ಮಾಡ್ಲಾ?"

ಹೊಸ ಪೊರಕೆ ಬಂದ ದಿನವೇ ಹಳೆಯದನ್ನು ಎಸೆಯುವವಳು ನನ್ನ ತಂಗಿ. "ಹಳೇದನ್ನ ತೆಗ್ದು ಅಲ್ಲೇ ಹಾಕು ಕಣೇ, ಎರಡೆರಡು ಯಾಕೆ?" ಎಂದಿತು ಲ್ಯಾಪ್‌ಟಾಪ್.

ರೆಕಾರ್ಡಿಂಗ್‌ಗಳೆಲ್ಲ ಆ ಹಳೆಯ ಫೋಲ್ಡರಿನೊಳಗೇ ಇದ್ದವು, ಬೇರೆ ಕಾಪಿ ಇರಲಿಲ್ಲ. ಅಳಿಸಿದ ಮೇಲೆ ತಿಳಿಯಿತು. ಮಗಳು ಬಿಕ್ಕಿದಳು. ತಂಗಿ ಹೊಸ ಸಾಫ್ಟ್‌ವೇರ್‌ನಲ್ಲಿ ನಿಧಾನವಾಗಿ ಟೈಪ್ ಮಾಡಿದಳು.

"ಅಳ್ಬೇಡ ಬಿಡೇ," ಎಂದಿತು ಯಾರೋ ಗೊತ್ತಿಲ್ಲದ ಹೆಂಗಸಿನ ದನಿ.