ಅವರದ್ದಾಯ್ತು ಅತ್ತೆ

ಪಾವನಾ ಮದುವೆಯಾಗಿ ಮೈಸೂರಿನಿಂದ ತಿರುವನಂತಪುರದ ಪಟ್ಟಂಗೆ ಬಂದವಳು. ಗಂಡ ನಟರಾಜ ಬಾಹ್ಯಾಕಾಶ ಸಂಸ್ಥೆಯಲ್ಲಿ ವಿಜ್ಞಾನಿ. ಅತ್ತೆ ಸೀತಮ್ಮನಿಗೆ ಸಕ್ಕರೆ ಕಾಯಿಲೆ. ಎರ್ನಾಕುಲಂನ ಕಂಪನಿಯೊಂದಕ್ಕೆ ಪಾವನಾ ಮನೆಯಿಂದಲೇ, ಊಟದ ಮೇಜಿನ ಒಂದು ಮೂಲೆಯಿಂದ ದುಡಿಯುತ್ತಿದ್ದಳು. ಯಾರಿಗಾದರೂ ತಟ್ಟೆ ಹಾಕುವಾಗಲೆಲ್ಲ ಲ್ಯಾಪ್‌ಟಾಪ್ ಎತ್ತಿಡಬೇಕಿತ್ತು.

ಕಂಪನಿಯದು ದೋಣಿಮನೆ ಬುಕ್ ಮಾಡುವ ವೆಬ್‌ಸೈಟ್. ಬ್ರೌಸರನ್ನು ತಾನಾಗಿ ತೆರೆದು, ಬಟನ್ ಒತ್ತಿ, ಎಲ್ಲ ಸರಿಯಿದೆಯೇ ಎಂದು ನೋಡುವ ಟೆಸ್ಟುಗಳನ್ನು ಬರೆಯುವುದು ಅವಳ ಕೆಲಸ. ಹಿಂದಿನವರು ಲಾಗಿನ್ ಬಟನ್ನಿನ ಗುರುತನ್ನು ಒಂದೊಂದು ಟೆಸ್ಟಿನಲ್ಲೂ ನಕಲು ಹೊಡೆದಿಟ್ಟಿದ್ದರು. ಬಟನ್ನಿನ ಹೆಸರು ಬದಲಾಯಿತೆಂದರೆ ಟೆಸ್ಟುಗಳೆಲ್ಲ ಬಿದ್ದು ಪರದೆ ತುಂಬ ಕೆಂಪು. ಪಾವನಾ ಒಂದು ಮಳೆಗಾಲವಿಡೀ ಕೂತು ವೆಬ್‌ಸೈಟಿನ ಪ್ರತಿ ಪುಟಕ್ಕೂ ‘ಕ್ಲಾಸ್’ ಎಂಬ ಕೋಡಿನ ಡಬ್ಬಿಯೊಂದನ್ನು ಕಟ್ಟಿದಳು. ಬಟನ್ ಎಲ್ಲಿದೆ, ಅದು ಪರದೆಗೆ ಬರಲು ಎಷ್ಟು ಹೊತ್ತು ಕಾಯಬೇಕು, ಎಲ್ಲವೂ ಆ ಕ್ಲಾಸಿನ ಹೊಟ್ಟೆಯೊಳಗೆ. ಟೆಸ್ಟು ‘ಲಾಗಿನ್ ಮಾಡು’ ಎಂದರೆ ಸಾಕು.

ಅದನ್ನು ನೋಡಿದ ಮ್ಯಾನೇಜರ್ ಜಾಯ್ಸ್, ಕಾಸರಗೋಡಿನವಳು, ಫೋನ್ ಮಾಡಿದಳು. “ಟೀಮ್ ಲೀಡ್ ನೀನೇ ಆಗು ಮಾರಾಯ್ತಿ. ವಾರಕ್ಕೆ ಮೂರು ದಿನ ಇಲ್ಲಿಗೆ ಬರ್ಬೇಕಾಗ್ತದೆ, ಅಷ್ಟೇ. ಮೊದಲು ಒಮ್ಮೆ ಬಂದು ಮೇಲಿನವರಿಗೆ ತೋರಿಸು.”

ಪಾವನಾಗೆ ಆ ಕೆಲಸ ಬೇಕಿತ್ತು. ತಟ್ಟೆ ಬಂತೆಂದು ಯಾರೂ ಎಬ್ಬಿಸದ ಮೇಜು ಬೇಕಿತ್ತು.

“ಇಡ್ಲಿ ಮಾಡಿಟ್ಟಿರ್ತೀನಿ. ಅತ್ತೆಗೆ ಇನ್ಸುಲಿನ್ ಕೊಟ್ಟು, ತಟ್ಟೆ ಮುಂದಿಡಿ. ಅಷ್ಟೇ ರೀ,” ಎಂದು ಹೊರಡುವ ಮುನ್ನ ಗಂಡನಿಗೆ ಹೇಳಿದಳು.

“ರಾಕೆಟ್ ಹಾರ್ಸೋನಿಗೆ ಇಡ್ಲಿ ಬಡ್ಸೋಕೆ ಬರಲ್ವೇನೇ?” ಎಂದು ನಟರಾಜ ನಕ್ಕ.

ಎರ್ನಾಕುಲಂನ ಆಫೀಸಿನಲ್ಲಿ ಎಲ್ಲರೆದುರೇ ಜಾಯ್ಸ್ ಬಟನ್ನಿನ ಹೆಸರು ಬದಲಿಸಿದಳು. ಪಾವನಾ ಒಂದೇ ಕಡೆ ಒಂದೇ ಸಾಲು ತಿದ್ದಿದಳು. ಪರದೆ ಮೇಲಿಂದ ಕೆಳಗಿನವರೆಗೆ ಹಸಿರಾಯಿತು.

“ಟೆಸ್ಟಿನಲ್ಲಿ ಕಾಯೋದು ಕಾಣ್ತಾ ಇಲ್ವಲ್ಲ?” ಜಾಯ್ಸ್ ಕೇಳಿದಳು.

“ಒಳಗಿದೆ. ಕರೆಯೋರಿಗೆ ಅದು ಗೊತ್ತಿರಬೇಕಾಗಿಲ್ಲ.”

“ಮತ್ತೆ ಈ ಕ್ಲಾಸ್ ಬಿಟ್ಟು ಯಾರಾದ್ರೂ ಸೀದಾ ಬಟನ್ ಒತ್ತಿದ್ರೆ?”

“ಬೀಳುತ್ತೆ,” ಎಂದಳು ಪಾವನಾ. ಎಲ್ಲರೂ ನಕ್ಕರು. ಮೇಜಿನ ಮೇಲೆ ಅವಳ ಮೊಬೈಲ್ ನಡುಗುತ್ತಲೇ ಇತ್ತು.

ಸೀತಮ್ಮ ಪ್ರಜ್ಞೆ ತಪ್ಪಿ ಬಿದ್ದಿದ್ದರು. ಪಾವನಾ ಸಿಕ್ಕಿದ ರೈಲು ಹತ್ತಿ ಮನೆ ಹತ್ತಿರದ ಉಳ್ಳೂರಿನ ಆಸ್ಪತ್ರೆ ಮುಟ್ಟುವಾಗ, ಸಕ್ಕರೆ ತೀರ ಇಳಿದಿದೆಯೆಂದು ಗ್ಲೂಕೋಸ್ ಏರಿಸಿ ಮಲಗಿಸಿದ್ದರು.

“ನೀನು ಹೇಳಿದ್ದಷ್ಟೂ ಮಾಡಿದೀನಿ,” ಎಂದ ನಟರಾಜ. “ಇನ್ಸುಲಿನ್ ಕೊಟ್ಟೆ, ತಟ್ಟೆ ಇಟ್ಟೆ. ಆಮೇಲೆ ಒಂದು ಮೀಟಿಂಗ್ ಇತ್ತು. ಬಂದು ನೋಡಿದ್ರೆ ಇಡ್ಲಿ ಹಾಗೇ ಇದೆ.”

“ನೀನು ತಿಂದಿರ್ಲಿಲ್ವಲ್ಲೋ ನಟ್ಟು,” ಎಂದರು ಸೀತಮ್ಮ, ಕಣ್ಣು ಮುಚ್ಚಿಕೊಂಡೇ. “ಮನೆ ಗಂಡಸು ತಿನ್ನದೆ ನಾನು ಯಾವತ್ತು ತಿಂದಿದೀನಿ?”

ಪಾವನಾ ಗೋಡೆಗೊರಗಿದಳು. ದಿನಾ ಬೆಳಿಗ್ಗೆ ತಟ್ಟೆ ಇಡುವಾಗ ‘ಅವರದ್ದಾಯ್ತು ಅತ್ತೆ, ನೀವು ತಿನ್ನಿ’ ಎಂದು ತಾನು ಹೇಳುತ್ತಿದ್ದ ಸುಳ್ಳು ಆಗ ನೆನಪಾಯಿತು. ಉಪ್ಪು ಹಾಕಿದಷ್ಟೇ ಸಲೀಸಾಗಿ ಹೇಳಿಕೊಂಡು ಬಂದಿದ್ದ ಮಾತು. ಅದೂ ಒಂದು ಕೆಲಸವೆಂದು ಅವಳಿಗೇ ಹೊಳೆದಿರಲಿಲ್ಲ.

ಗಂಡನನ್ನು ವರಾಂಡಕ್ಕೆ ಕರೆದು ಎಲ್ಲ ಹೇಳಿದಳು. “ನಾನಿಲ್ದಾಗ ನೀವು ‘ತಿಂದೆ ಅಮ್ಮ’ ಅಂದ್ಬಿಡಿ. ಇಲ್ಲಾಂದ್ರೆ ಜೊತೆಗೆ ಕೂತು ತಿನ್ನಿ.”

“ಹೆತ್ತ ತಾಯಿಗೆ ಸುಳ್ಳು ಹೇಳೋದಾ? ನನ್ನಿಂದಾಗಲ್ಲ. ಬೆಳಿಗ್ಗೆ ನಂಗೆ ಕೂರೋಕೆ ಹೊತ್ತೆಲ್ಲಿದೆ?” ಅವನ ದನಿಯಲ್ಲಿ ಸಿಟ್ಟಿರಲಿಲ್ಲ. “ನೀನಿರ್ತೀಯಲ್ಲ.”

ಒಳಗೆ ಆಯಾ ಗಂಜಿ ತಂದಿಟ್ಟಳು. ಸೀತಮ್ಮ ಚಮಚ ಮುಟ್ಟಲಿಲ್ಲ. “ಅವನದಾಯ್ತೇನೇ?” ಎಂದು ಸೊಸೆಯನ್ನು ಕೇಳಿದರು.

ಪಾವನಾ ಗಂಡನ ಮುಖ ನೋಡಿದಳು. ಅವನು ಮೊಬೈಲ್ ನೋಡುತ್ತಿದ್ದ. ಅವಳು ಕಾದಳು. ಗಂಜಿಯ ಮೇಲೆ ಕೆನೆ ಕಟ್ಟುವವರೆಗೂ ಕಾದಳು.

“ಅವರದ್ದಾಯ್ತು ಅತ್ತೆ. ನೀವು ತಿನ್ನಿ.”

ಸೀತಮ್ಮ ಬಾಯಿ ತೆರೆದರು. ಒಂದು ಕೈಯಲ್ಲಿ ಉಣಿಸುತ್ತ, ಇನ್ನೊಂದು ಕೈಯಲ್ಲಿ ಪಾವನಾ ಜಾಯ್ಸಳಿಗೆ ಬರೆದಳು: ಲೀಡ್ ಕೆಲಸಕ್ಕೆ ಬೇರೆಯವರನ್ನು ನೋಡಿ. ಕೋಡ್ ಇದೆ, ಯಾರಾದರೂ ನಡೆಸಬಹುದು.