ಇಸ್ತ್ರಿ ಮಾವನ ಖಾಲಿ ತೋಳು

ನಮ್ಮ ಬೀದಿಯ ಇಸ್ತ್ರಿ ಮಾವನಿಗೆ ಒಂದೇ ಸಿದ್ಧಾಂತ: ಕಲೆ ಹೋಗದಿದ್ದರೆ ಇನ್ನೊಮ್ಮೆ ಉಜ್ಜಬೇಕು. ಬಟ್ಟೆಯ ಮಟ್ಟಿಗೆ ಸರಿಯೇ. ಅದನ್ನು ಚರ್ಮಕ್ಕೂ ಅನ್ವಯಿಸಿದ್ದರಿಂದ ಎಡವಟ್ಟಾಯಿತು.

ಎಲ್ಲಿಂದಲೋ ಕಜ್ಜಿ ಹತ್ತಿತ್ತು. ಅದರ ಹುಳ ಬಾಡಿಗೆ ಕೊಡದೆ ಚರ್ಮದೊಳಗೇ ಬಿಲ ತೋಡಿ ಸಂಸಾರ ಹೂಡುವ ಜಾತಿಯದು. ಡಾಕ್ಟರಮ್ಮ ಗಂಡ ಹೆಂಡತಿ ಇಬ್ಬರಿಗೂ ಲೋಷನ್ ಬರೆದುಕೊಟ್ಟು, ಒಮ್ಮೆ ಹಚ್ಚಿ, ವಾರ ಬಿಟ್ಟು ಮತ್ತೊಮ್ಮೆ ಹಚ್ಚಿ, ಅಷ್ಟು ಸಾಕು ಎಂದಿದ್ದರು. ಅತ್ತೆಯ ತುರಿಕೆ ಅಡಗಿತು. ಮಾವನದು ಅಡಗಲಿಲ್ಲ.

ಅಷ್ಟರಲ್ಲಿ ಮಗಳು ಹಸುಗೂಸಿನೊಂದಿಗೆ ಆಸ್ಪತ್ರೆಯಿಂದ ಮನೆಗೆ ಬಂದಳು. ತುರಿಕೆ ಇದೆಯೆಂದರೆ ಹುಳವೂ ಇದೆ ಎಂದು ತೀರ್ಮಾನಿಸಿದ ಮಾವ, ಕೂಸಿಗೆ ಹತ್ತಬಾರದೆಂದು ಹಾಸಿಗೆ ಸುತ್ತಿಕೊಂಡು ಪಕ್ಕದ ತಮ್ಮ ಇಸ್ತ್ರಿ ಅಂಗಡಿಗೆ ಹೋದರು. ದಿನಾ ಲೋಷನ್, ಅದರ ಮೇಲೆ ಬಟ್ಟೆ ಒಗೆಯುವ ಸೋಡಾದ ನೀರು ಹಾಕಿ ಉಜ್ಜಾಟ.

ಗೋಡೆಯಾಚೆ ಮೊಮ್ಮಗಳು ಅತ್ತರೆ ಇಸ್ತ್ರಿಪೆಟ್ಟಿಗೆ ನಿಂತುಬಿಡುತ್ತಿತ್ತು. ಯಾರದೋ ಅಂಗಿಯ ಬೆನ್ನು ಕಂದಿದ್ದು ಹಾಗೆ. ಪೆಟ್ಟಿಗೆಗಿಂತ ಚಿಕ್ಕದಾದ ಅವಳ ಅಂಗಿಗಳನ್ನು ಸುಕ್ಕಿಲ್ಲದಂತೆ ತೀಡಿ ಹೊಸ್ತಿಲ ಮೇಲಿಟ್ಟು ಬರುತ್ತಿದ್ದರು. ಮೂಗು ಯಾರ ಹಾಗಿದೆ ಎಂದು ಕೇಳಿದರೆ ಅತ್ತೆ, ಒಳಗೆ ಬಂದು ನೋಡಿ ಎಂದು ಗದರುತ್ತಿದ್ದರು. ಮಗಳು ಗಂಡನ ಮನೆಗೆ ಹೊರಡುವ ದಿನ ಹತ್ತಿರವಾಗುತ್ತಿತ್ತು.

ಕೈಯೆಲ್ಲ ಬಿರಿದು ಕೀವಾದಾಗ ಅತ್ತೆ ದರದರನೆ ಡಾಕ್ಟರ ಬಳಿಗೆ ಎಳೆದೊಯ್ದರು.

"ಹುಳ ಯಾವತ್ತೋ ಸತ್ತಿದೆ. ಅದರ ಹೆಣ ಚರ್ಮದಲ್ಲಿ ಉಳಿದಿದೆಯಲ್ಲ, ಅದಕ್ಕೆ ಇನ್ನೂ ಕೆಲವು ವಾರ ತುರಿಸುತ್ತೆ. ಆದರೆ ಈ ಗಾಯ ಹುಳದ್ದಲ್ಲ ಯಜಮಾನರೇ, ನಿಮ್ಮದೇ ಕೈಕೆಲಸ."

"ಹಾಗಾದ್ರೆ ಮಗು ಎತ್ಕೋಬಹುದಾ, ಡಾಕ್ಟ್ರಮ್ಮ?"

ಗಾಯ ಒಣಗಿದ ಮೇಲೆ ಎತ್ತಿಕೊಳ್ಳಿ ಎಂದು ಡಾಕ್ಟರಮ್ಮ ಮಾತ್ರೆ, ಮುಲಾಮು ಕೊಟ್ಟರು. ಲೋಷನ್ನೂ ಸೋಡಾವೂ ಬಂದ್. ಉಜ್ಜದೆ ಸುಮ್ಮನಿರುವುದು ಮಾವ ಜನ್ಮದಲ್ಲಿ ಮಾಡದ ಕೆಲಸ. ಆದರೂ ಮಾಡಿದರು.

ಗಾಯ ಒಣಗುವಷ್ಟರಲ್ಲಿ ಹೊರಡುವ ದಿನವೂ ಬಂತು. ಆಟೋ ಬಾಗಿಲಲ್ಲಿ ನಿಂತಿತ್ತು.

"ಅಪ್ಪಾ, ಕೈ ಚಾಚು."

"ಇನ್ನೂ ತುರಿಸ್ತಿದೆ ಕಣೇ."

"ತುರಿಸ್ಲಿ ಬಿಡು. ಒಣಗಿದ ಮೇಲೆ ಎತ್ಕೋ ಅಂತ ಡಾಕ್ಟ್ರೇ ಹೇಳಿದಾರಲ್ಲ."

ಮಗು ತೋಳಿಗೆ ಬಂತು. ಮೂಗು ಅತ್ತೆಯದೇ, ಸಂಶಯವಿಲ್ಲ. ಮಾವನ ಮೊಣಕೈ ವಿಪರೀತ ತುರಿಸಿತು, ಕೆರೆದುಕೊಳ್ಳಲು ಕೈ ಬಿಡುವಿರಲಿಲ್ಲ.

ಆಟೋ ತಿರುವು ದಾಟಿದ ಮೇಲೆ ಎರಡೂ ಕೈ ಬಿಡುವಾದವು. ಆದರೂ ಕೆರೆದುಕೊಳ್ಳದೆ, ತೋಳು ಮಡಚಿದಂತೆಯೇ ಹಿಡಿದು ಮಾವ ಬಾಗಿಲಲ್ಲಿ ನಿಂತಿದ್ದರು.